ಹಳೇ ಬ್ಯಾಟರಿ ಕೇಳಲು ಹೋದದ್ದು

ಮಾತಾಡಬೇಕಾದ ಕಡೆ ತಲೆಯಾಡಿಸುವುದು ಒಂದು ಕಾಯಿಲೆ. ನನಗದು ಊರ ಶಾಲೆಯಲ್ಲೇ ಅಂಟಿಕೊಂಡಿತು. ಮೇಷ್ಟ್ರು "ಅರ್ಥವಾಯಿತೇ?" ಎಂದರೆ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದವಳು ನಾನು, ಏನೂ ಅರ್ಥವಾಗದಿದ್ದುದರಿಂದಲೇ. ಇಂಥ ತಲೆ ಹೊತ್ತುಕೊಂಡು ಯಾರೂ ಕಾರು ರಿಪೇರಿಗೆ ಹೋಗಬಾರದು. ಮಕ್ಕಳೇ, ಮುಂದೆ ನಿಮಗೂ ಕಾರು ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ. ನೀವು ಕನ್ನಡ ಓದುವುದು ನಿಧಾನ. ಓದಿ ಮುಗಿಸುವಷ್ಟರಲ್ಲಿ ನನ್ನ ನಾಚಿಕೆಯೂ ಸ್ವಲ್ಪ ಕಡಿಮೆಯಾಗಿರುತ್ತದೆ.

ಕಾರು ನಿಮ್ಮ ಅಜ್ಜನದು. ಬ್ಯಾಂಕಿನವರು ಉಡುಪಿಯಿಂದ ಕಲ್ಕತ್ತಕ್ಕೆ ವರ್ಗ ಮಾಡಿದ ಮೇಲೆ ಅವರು ಬದಲಾಯಿಸದೆ ಉಳಿಸಿಕೊಂಡ ಹಟ ಒಂದೇ. ಇಲ್ಲಿಯವರೆಲ್ಲ ವಿಶ್ವಕರ್ಮ ಪೂಜೆಯ ದಿನವೇ ಗಾಡಿಗೆ ಹೂವು ಏರಿಸಿದರೆ, ಇವರು ನವಮಿಯವರೆಗೆ ಕಾದು ಆಯುಧಪೂಜೆಯನ್ನೇ ಮಾಡುತ್ತಿದ್ದರು. ಬಾನೆಟ್ ಎತ್ತಿ ಒಳಗಿದ್ದದ್ದಕ್ಕೆಲ್ಲ ಗಂಧ, ಕುಂಕುಮ. "ಇಷ್ಟು ಗಂಧ ಹಚ್ಚಿದರೆ ಕಾರಿಗೆ ಶೀತವಾದೀತು" ಎಂದು ನಾನು ನಗುತ್ತಿದ್ದೆ. ಕಳೆದ ನವರಾತ್ರಿಯಲ್ಲೂ ಹಚ್ಚಿದರು. ದೀಪಾವಳಿಗೆ ಅವರು ಇರಲಿಲ್ಲ.

ಆಮೇಲೆ ಕಾರು ಮುನಿಸಿಕೊಂಡಿತು. ಒಂದು ಬೆಳಿಗ್ಗೆ ನಿಮ್ಮಪ್ಪ ಅದನ್ನೂ ನನ್ನನ್ನೂ ಕಸ್ಬಾ ಬಡಾವಣೆಯಲ್ಲಿ ಬಾಪಿ ಎಂಬವನ ಗ್ಯಾರೇಜಿನಲ್ಲಿ ಇಳಿಸಿದ. "ಅಮ್ಮ, ಬ್ಯಾಟರಿ ಬದಲಾಯಿಸ್ಲಿಕ್ಕುಂಟು. ಕಣ್ಣು ತೆಗೀಬೇಡ. ಹಳೇದನ್ನು ಕೇಳಿ ತಗೋ, ಕೊಡದಿದ್ರೆ ಹೊಸತು ಹಾಕಿಲ್ಲ ಅಂತ ಅರ್ಥ. ಇನ್ನೊಂದು ಸಲ ಕೈಕೊಟ್ರೆ ಮಾರಿಬಿಡುವ" ಎಂದು ಹೇಳಿ ಆಫೀಸಿಗೆ ಹೋದ.

ಬಾಪಿ "ಬೋಷುನ್ ಮಾಶಿಮಾ, ಕೂತ್ಕೊಳ್ಳಿ" ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆದು ಕುರ್ಚಿ ಕೊಟ್ಟ, ಮಣ್ಣಿನ ಪುಟ್ಟ ಭಾಂಡದಲ್ಲಿ ಚಹಾ ಕೊಟ್ಟ. ಮಕ್ಕಳೇ, ಗ್ಯಾರೇಜಿನವರು ಕುರ್ಚಿ ಕೊಟ್ಟರೆ ಅದು ಯಾವ ಕಡೆ ಮುಖ ಮಾಡಿದೆ ಎಂದು ನೋಡಿ. ನನ್ನದು ರಸ್ತೆಯ ಕಡೆಗಿತ್ತು. ಅದನ್ನು ತಿರುಗಿಸಿದರೆ ಅವನಿಗೆ ಬೇಸರವಾದೀತು ಎಂದು ನಾನು ಹೋಗುವ ಬರುವ ಆಟೋಗಳನ್ನೇ ನೋಡುತ್ತ ಕುಳಿತೆ.

ಕೊನೆಗೆ ಅವನು ಕರೆದು ಬಾನೆಟ್ ಎತ್ತಿದ. "ಏಕ್‌ದಮ್ ನೋತುನ್, ಮಾಶಿಮಾ! ಹೊಸ ಬ್ಯಾಟರಿ!"

"ಹಳೇದು..." ಎಂದು ನಾನು ಬಾಯಿ ತೆರೆದೆ.

"ಗುಜರಿಗೆ ಹೋಯಿತು. ಆ್ಯಸಿಡ್ ಅಲ್ಲವೇ, ಮನೆಯಲ್ಲಿ ಇಡಬಾರದು."

ಬ್ಯಾಟರಿ ಮೇಲೆ ಹೊಸ ಚೀಟಿ ಮಿರುಗುತ್ತಿತ್ತು. ಅದರದೇ ಒಳಬದಿಯಲ್ಲಿ, ಮೂಲೆಗೆ, ಒಣಗಿದ ಗಂಧದ ಮೇಲೆ ಅಜ್ಜನ ಬೆರಳಿನಷ್ಟು ಕುಂಕುಮ. ಸ್ವಲ್ಪ ಓರೆಯಾಗಿ. ಅವರಿಗೆ ಯಾವತ್ತೂ ನೆಟ್ಟಗೆ ಇಡಲು ಬರುತ್ತಿರಲಿಲ್ಲ.

ಕಳ್ಳ ಸಿಕ್ಕಿದ್ದ. ಆದರೆ ನನಗೆ ಸಿಟ್ಟು ಬರಲಿಲ್ಲ, ಜೀವ ಬಂದಂತಾಯಿತು. ಇವನು ಪ್ರಾಮಾಣಿಕನಾಗಿದ್ದರೆ ಆ ಬೊಟ್ಟು ಈಗ ಗುಜರಿಯಲ್ಲಿರುತ್ತಿತ್ತು. ಬಾಯಿ ಬಿಟ್ಟರೆ ಹೊಸತು ಹಾಕಿಸಬೇಕು, ಇದು ಹೋಗುತ್ತದೆ. ಬಿಡದಿದ್ದರೆ ಕಾರು ಎಲ್ಲೋ ನಿಲ್ಲುತ್ತದೆ, ಆಗ ಕಾರೇ ಹೋಗುತ್ತದೆ. ಇಷ್ಟೆಲ್ಲ ಯೋಚಿಸಿ ಕೊನೆಗೆ ನಾನು "ಚೆನ್ನಾಗಿದೆ" ಎಂದು ತಲೆಯಾಡಿಸಿದೆ.

ಕೆಲವೇ ದಿನಗಳಲ್ಲಿ ಕಾರು ಎಸ್‌ಪ್ಲನೇಡಿನ ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಬಸ್ಸಿನವನು ನಿಮ್ಮಪ್ಪನಿಗೆ ಹೇಳಿದ ಬಂಗಾಳಿ ಮಾತುಗಳನ್ನು ನೀವು ಕಲಿಯದಿದ್ದರೆ ಒಳ್ಳೆಯದು. ನಿಮ್ಮಪ್ಪ ನನ್ನನ್ನು ಕರೆದುಕೊಂಡು ನೇರ ಗ್ಯಾರೇಜಿಗೆ ಹೋಗಿ ಕೂಗಾಡಿದ. "ಹಳೇದನ್ನೇ ತೊಳೆದು ಕೂರಿಸಿದ್ದೀಯ! ನನ್ನ ಅಮ್ಮ ಪಾಪದವರು ಅಂತ ಅಲ್ಲವಾ?"

ಬಾಪಿ ಎರಡೂ ಕೈ ಜೋಡಿಸಿದ. "ದಾದಾ, ಮಾಶಿಮಾ ಬಗ್ಗಿ ನೋಡಿಯೇ 'ಚೆನ್ನಾಗಿದೆ' ಅಂದರು. ಅವರನ್ನೇ ಕೇಳಿ."

ನಿಮ್ಮಪ್ಪ ನನ್ನ ಕಡೆ ತಿರುಗಿದ. "ಹೌದಾ ಅಮ್ಮ?"

ನಾನು ತಲೆಯಾಡಿಸಿದೆ.

ಅವನು ಮನೆಗೆ ಬಂದವನೇ ಕಾರಿನ ಫೋಟೋ ತೆಗೆದು ಮಾರಾಟಕ್ಕೆ ಹಾಕಿದ. ಆದ್ದರಿಂದ ಮಕ್ಕಳೇ, ಹಳೇ ಸಾಮಾನನ್ನು ಮರೆಯದೆ ಕೇಳಿ ಪಡೆಯಿರಿ, ಕುರ್ಚಿ ತಿರುಗಿಸಿ ಕುಳಿತುಕೊಳ್ಳಿ. ಮೋಸಗಾರರ ವಿಷಯದಲ್ಲಿ ಇನ್ನೂ ಹೇಳಬಹುದಿತ್ತು. ಆದರೆ ಆ ದಿನ ಗ್ಯಾರೇಜಿನಲ್ಲಿ ನನ್ನ ಬಗ್ಗೆ ನಿಜ ಹೇಳಿದವನು ಬಾಪಿ ಒಬ್ಬನೇ.