ರೇಡಿಯೋದಲ್ಲಿ ಅಡುಗೆಮನೆ ಕೇಳಲು ಹೋದದ್ದು

ಸಮಾಜಸೇವೆಗೆಂದು ನಾಲ್ಕು ಹೆಂಗಸರು ಸೇರಿದಲ್ಲಿ ಸೇವೆ ಆಗುತ್ತದೋ ಇಲ್ಲವೋ, ನನ್ನಂಥವಳಿಗೆ ಆರು ತಿಂಗಳು ಅಗಿಯಲು ಸಾಮಾನು ಮಾತ್ರ ಸಿಕ್ಕೇ ಸಿಗುತ್ತದೆ. ಡೊಂಬಿವಲಿಯ ನಮ್ಮ ಮಹಿಳಾ ಮಂಡಲದಲ್ಲಿ ಇದು ಒಮ್ಮೆಯೂ ತಪ್ಪಿದ್ದಿಲ್ಲ.

ನಮ್ಮದು ಡಬ್ಬಿಯ ಸೇವೆ. ಕೈಕಾಲು ಸೋತು ಒಲೆ ಹಚ್ಚಲಾಗದ ಮುದುಕ ಮುದುಕಿಯರ ಮನೆಗೆ ದಿನಾ ಮಧ್ಯಾಹ್ನ ಅನ್ನ, ಸಾರು, ಪಲ್ಯ. ಅಡುಗೆ ಆಗುತ್ತಿದ್ದದ್ದು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಆ ಬಿಲ್ಡಿಂಗು ಒಡೆದು ಹೊಸದು ಕಟ್ಟಲೆಂದು ರಿಡೆವಲಪ್‌ಮೆಂಟಿಗೆ ಹೋಯಿತು. "ಅಕ್ಕಾ, ತಿಂಗಳಲ್ಲಿ ನಾನೇ ರಸ್ತೆಗೆ, ನಿಮ್ಮನ್ನೆಲ್ಲಿ ಇಡಲಿ?" ಎಂದರು ಹೋಟೆಲಿನ ಧಣಿಗಳು. ಬೇರೆ ಅಡುಗೆಮನೆ ಸಿಗದಿದ್ದರೆ ಡಬ್ಬಿ ಬಂದ್.

ಥಾಣೆಯ ನೌಪಾಡಾದಲ್ಲಿ ಒಂದು ಸಣ್ಣ ರೇಡಿಯೋ ಉಂಟು. ಭಾನುವಾರ ಬೆಳಿಗ್ಗೆ ಹದಿನೈದು ನಿಮಿಷ ಕನ್ನಡ. ಸೇವೆ ಮಾಡುವವರನ್ನು ಕರೆದು ಮಾತಾಡಿಸುತ್ತಾರೆ. ಮೊಬೈಲಿನಲ್ಲಿ ಹಚ್ಚಿದರೆ ಊರಿನವರೆಗೂ ಕೇಳುತ್ತದೆ. "ಅಲ್ಲಿ ಹೋಗಿ ಕೇಳುವ, ಯಾರಾದರೂ ಅಡುಗೆಮನೆ ಕೊಟ್ಟಾರು" ಎಂದರು ನಮ್ಮ ಅಧ್ಯಕ್ಷೆ.

ದೀಪ ಬೆಳಗಿದ್ದು

ಒಬ್ಬರು ಬನ್ನಿ ಎಂದರೆ ಏಳು ಜನ ಹೊರಟೆವು. ಅಧ್ಯಕ್ಷೆಗೆ ಕಂಚಿ ಸೀರೆ, ತಲೆ ತುಂಬ ಮಲ್ಲಿಗೆ.

"ರೇಡಿಯೋದಲ್ಲಿ ಯಾರಿಗೆ ಕಾಣ್ತದೆ ಮಾರಾಯ್ತಿ?" ಎಂದೆ.

"ಉಟ್ಟದ್ದು ದನಿಯಲ್ಲಿ ಗೊತ್ತಾಗ್ತದೆ" ಎಂದರು.

ಮಾತಾಡಿಸುವ ಹುಡುಗಿ ಇಲ್ಲೇ ಹುಟ್ಟಿದವಳು, ಅರ್ಧ ಕನ್ನಡ, ಅರ್ಧ ಹಿಂದಿ. "ಆಂಟಿ, ಸೀದಾ ಶುರು ಕರೋ, ಟೈಮ್ ಕಮ್ಮಿ ಇದೆ" ಎಂದಳು. ಸೀದಾ ಶುರು ಮಾಡುವುದೆಂದರೇನು? ಈ ಊರಿನ ಕನ್ನಡದವರು ಕಾರ್ಯಕ್ರಮದ ಪಟ್ಟಿ ಇಲ್ಲದೆ ಸೀನುವುದೂ ಇಲ್ಲ. ನಮ್ಮ ಕಾರ್ಯದರ್ಶಿ ಚೀಲದಿಂದ ಪಟ್ಟಿ ತೆಗೆದಳು: ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಸನ್ಮಾನ, ಅಧ್ಯಕ್ಷರ ಮಾತು, ವಂದನಾರ್ಪಣೆ. ಹಿಂದೆಯೇ ಹಿತ್ತಾಳೆಯ ದೀಪವೂ ಹೊರಗೆ ಬಂತು. ಗಾಜಿನ ಆಚೆ ಮಶೀನು ನೋಡುವವನು "ಕಾಕೂ, ದಿವಾ ನಕೋ!" ಎಂದು, ದೀಪ ಹಚ್ಚಬೇಡಿ ಎಂದು ಕೈಬೀಸುತ್ತಾ ಹಾರಿಬಿದ್ದ. ಕಾರ್ಯದರ್ಶಿ ಹೆದರುವವಳಲ್ಲ. ದೀಪವನ್ನು ಚೀಲಕ್ಕೆ ಹಾಕಿ, "ಈಗ ಅಧ್ಯಕ್ಷರು ದೀಪ ಬೆಳಗುತ್ತಿದ್ದಾರೆ" ಎಂದು ಮೈಕಿಗೆ ಹೇಳಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ಹುಡುಗಿಗೆ ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷೆಯ ಮಾತಿನಲ್ಲಿ ಮಂಡಲ ಹುಟ್ಟಿದ ಕಥೆಯೇ ಮುಗಿಯಲಿಲ್ಲ, ವಂದನೆ ಹೇಳುವವಳು ಮೈಕು ಎಳೆದುಕೊಂಡಳು. ರಿಕ್ಷಾದವನಿಗೆ ವಂದನೆ ಹೇಳುವಾಗ ಟೈಮ್ ಖತಂ. ಅಡುಗೆಮನೆ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ.

ಬಂದದ್ದು ಒಂದೇ ಫೋನು, ಕಾಮೋಠೆಯಿಂದ. "ಪ್ರಾರ್ಥನೆ ಹಾಡಿದ ಹುಡುಗಿಗೆ ಗಂಡು ನೋಡ್ತಾ ಇದ್ದಾರಾ?" ಹಾಡಿದವಳು ನಮ್ಮ ಖಜಾಂಚಿ, ಮೂರು ಮೊಮ್ಮಕ್ಕಳ ಅಜ್ಜಿ. ಏನು ಹೇಳಲಿ ಎಂದು ರೇಡಿಯೋ ಹುಡುಗಿ ಕೇಳಿದರೆ, ಖಜಾಂಚಿ ಸೆರಗು ಸರಿಮಾಡಿಕೊಂಡು, "ಹುಡುಗ ಏನು ಮಾಡ್ತಾನಂತೆ?" ಎಂದಳು.

ಮೇಷ್ಟ್ರ ಸರ್ಟಿಫಿಕೇಟು

ಹುಡುಗಿ ಒಳ್ಳೆಯವಳು. "ಡಬ್ಬಿ ತಿನ್ನುವವರನ್ನೇ ಮಾತಾಡಿಸುವ" ಎಂದು ಮರುವಾರ ರೆಕಾರ್ಡಿಂಗ್ ಮಾಡಲು ಡೊಂಬಿವಲಿಗೇ ಬಂದಳು. ರಾತ್ರಿಶಾಲೆಯಲ್ಲಿ ಕಲಿಸುತ್ತಿದ್ದ ಒಬ್ಬ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದೆವು. ಒಂಟಿ ಜೀವ, ಲಕ್ವ ಹೊಡೆದು ಒಂದು ಕಾಲು ಬಿದ್ದುಹೋಗಿದೆ. "ಸರ್, ಎರಡು ಒಳ್ಳೆ ಮಾತು ಹೇಳಿ" ಎಂದು ಅಧ್ಯಕ್ಷೆ ಮೊದಲೇ ಕಿವಿಯಲ್ಲಿ ಹೇಳಿಟ್ಟಿದ್ದರು.

"ಊಟ ಹೇಗಿರುತ್ತೆ ಸರ್?"

"ಸಾರಿನಲ್ಲಿ ಬೇಳೆ ಹುಡುಕಲು ಕನ್ನಡಕ ಬೇಕು. ಗುರುವಾರದ ಪಲ್ಯ ಬುಧವಾರದ್ದೇ."

ಅಧ್ಯಕ್ಷೆ ಕೆಮ್ಮಿದರು. ಹುಡುಗಿ ಮಾತು ತಿರುಗಿಸಿದಳು. "ಡಬ್ಬಿ ನಿಂತರೆ ಯಾರಿಗೆ ಕಷ್ಟ ಸರ್?"

"ನಮ್ಮ ಬೆಕ್ಕಿಗೆ."

ಇದನ್ನು ರೇಡಿಯೋದಲ್ಲಿ ಹಾಕುವುದು ಹೇಗೆ? ಮಶೀನು ಮುಚ್ಚಿ ಎಲ್ಲರೂ ಇಳಿದರು. ನಾನು ಚಪ್ಪಲಿ ಹಾಕುತ್ತಿದ್ದೆ. ಮೇಷ್ಟ್ರು ಖಾಲಿ ಡಬ್ಬಿ ತೊಳೆದು ಒರೆಸಿ ಬಾಗಿಲ ಹತ್ತಿರವೇ ಇಟ್ಟಿದ್ದರು. "ಖರೇನೇ ನಿಲ್ತದೇನ್ರೀ?" ಎಂದು ಸಣ್ಣಗೆ ಕೇಳಿದರು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವರೇ ಅಂದರು, "ನಿಲ್ಲೋದಾದ್ರ ಅದಕ್ಕೂ ಮೊದ್ಲು ಒಂದ್ ದಿನಾ ಉಪ್ಪು ಸರಿಯಾಗಿ ಹಾಕ್ರಿ."

ಬಿಂದಾಸ್ ಮಾತಾಡಿ ಅಂದದ್ದು

ಮೂರನೆಯ ಸಲ ಹೋಗಬೇಕಾದವರು ಅಧ್ಯಕ್ಷೆಯೇ. ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗ್ ಜಾಗಕ್ಕೆ ಕೂಗಿ ಕೂಗಿ ಅವರ ಗಂಟಲು ಕೂತಿತ್ತು. ಹೋಟೆಲು ಒಡೆಯಲು ನಾಲ್ಕೇ ದಿನ. ನಾನೊಬ್ಬಳೇ ಹೋದೆ. ಹುಡುಗಿ ಬೇಡಿಕೊಂಡಳು, "ಅಜ್ಜಿ, ಪ್ರಾರ್ಥನೆ ಬೇಡ, ವಂದನೆ ಬೇಡ. ಇದು ಲೈವ್. ಮನೇಲಿ ಮಾತಾಡೋ ಹಾಗೆ ಬಿಂದಾಸ್ ಮಾತಾಡಿ."

ನಾನು ಕೇಳಿ ಮಾಡಿದ್ದಲ್ಲ. ಅವಳೇ ಹೇಳಿದ್ದು.

"ಅಡುಗೆಮನೆ ಇಲ್ಲ ಅಂತ ಯಾರು ಹೇಳಿದ್ದು?" ಎಂದೆ. "ನಮ್ಮ ಬಿಲ್ಡಿಂಗಿನಲ್ಲೇ ಒಂದುಂಟು. ಕರಿ ಕಲ್ಲಿನ ಕಟ್ಟೆ, ಹೊಗೆ ಎಳೆಯುವ ಚಿಮಣಿ, ನಾಲ್ಕು ಬರ್ನರು. ಚಿಮಣಿಯ ಪ್ಲಾಸ್ಟಿಕ್ ಇನ್ನೂ ಕಿತ್ತಿಲ್ಲ. ಮನೆಯವರು ಉಣ್ಣುವುದು ನಮ್ಮ ಡಬ್ಬಿಯನ್ನು! ಹಾಸಿಗೆ ಹಿಡಿದ ಅತ್ತೆಯ ಹೆಸರಿನಲ್ಲಿ ದಿನಾ ಎರಡು ಡಬ್ಬಿ. ತಲುಪಿಸುವವಳು ನಾನೇ. ಆ ಅತ್ತೆ ಎರಡು ವರ್ಷದಿಂದ ಕುಂದಾಪುರದಲ್ಲಿ ಮಗಳ ಮನೆಯಲ್ಲಿ ಹಪ್ಪಳ ಒತ್ತುತ್ತಾ ಗುಂಡುಕಲ್ಲಿನ ಹಾಗೆ ಇದ್ದಾರೆ."

"ಅಜ್ಜಿ, ನಾಮ್ ಮತ್ ಲೋ, ಪ್ಲೀಸ್!"

"ನಾನೆಲ್ಲಿ ಹೆಸರು ಹೇಳಿದೆ? ಮಂಡಲದ ಅಧ್ಯಕ್ಷೆ ಅಂತಲೂ ಹೇಳಲಿಲ್ಲ."

ಹುಡುಗಿ ಹಣೆಗೆ ಕೈಹಚ್ಚಿ ಕೂತಳು. ಅಷ್ಟರಲ್ಲಿ ಫೋನು. ಮಾತು ತಪ್ಪಿಸಿಕೊಳ್ಳಲು ಗಬಕ್ಕನೆ ಎತ್ತಿದಳು.

"ನಾನು ಕುಂದಾಪುರದಿಂದ. ಅತ್ತೆ ಮಾತಾಡುವುದು."

ನಾನು ನೀರಿನ ಗ್ಲಾಸು ಕೆಳಗಿಟ್ಟು ಮೈಕಿಗೆ ಇನ್ನಷ್ಟು ಹತ್ತಿರ ಸರಿದೆ.

"ನಾನು ಹಾಸಿಗೆ ಹಿಡಿದದ್ದು ನನಗೇ ಗೊತ್ತಿರಲಿಲ್ಲ. ತಿಳಿಸಿದ್ದು ಒಳ್ಳೆಯದಾಯ್ತು" ಎಂದರು ಅತ್ತೆ. "ಆ ಫ್ಲಾಟು ಇರುವುದು ನನ್ನ ಹೆಸರಿನಲ್ಲಿ. ಡಬ್ಬಿಯ ಅಡುಗೆ ಇನ್ನು ಅಲ್ಲೇ ಆಗಲಿ. ಸೊಸೆ ಬಾಗಿಲು ತೆಗೆಯದಿದ್ದರೆ ಹೇಳಿ. ತೆಗೆದರೂ ಹೇಳಿ. ನಾನು ನಾಳೆ ರೈಲು ಹತ್ತುತ್ತೇನೆ."

ಬಂದರು. ತಾವೇ ಸ್ಟೂಲು ಹತ್ತಿ ಚಿಮಣಿಯ ಪ್ಲಾಸ್ಟಿಕ್ ಕಿತ್ತರು. ಮೇಷ್ಟ್ರಿಗೆ ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ಅತ್ತೆ ಒಲೆಯ ಮುಂದೆ, ಅಧ್ಯಕ್ಷೆ ನೆಲದ ಮೇಲೆ ಈರುಳ್ಳಿ ಬುಟ್ಟಿಯ ಮುಂದೆ. ದಿನಾ ಬೆಳಿಗ್ಗೆ ಕಣ್ಣಲ್ಲಿ ಧಾರಾಕಾರ ನೀರು.

"ಈರುಳ್ಳಿ ಖಾರ" ಎನ್ನುತ್ತಾರೆ. ನಿನ್ನೆ ಹೆಚ್ಚುತ್ತಿದ್ದದ್ದು ಸೌತೆಕಾಯಿ.