ಮೂರು ಪ್ರಶ್ನೆಯ ಹಾಳೆ

ಎದುರಿಗೆ ಕುಳಿತವರ ಮನಸ್ಸಿಗೆ ಕಸಿವಿಸಿಯಾಗುವ ಮಾತನ್ನು ಕೇಳುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ಹಜಾಮತಿಯವನು ಒಂದು ಕಡೆ ಮೀಸೆ ಗಿಡ್ಡ ಮಾಡಿದರೂ ಕನ್ನಡಿ ನೋಡಿ "ಚಲೋ ಆಗೈತಿ" ಎಂದು ಎದ್ದು ಬರುವವನು ನಾನು. ನಮ್ಮ ಕಡೆ ಇಂಥವನಿಗೆ ಸಂಭಾವಿತ ಎನ್ನುತ್ತಾರೆ. ನಾನೂ ಐವತ್ತು ವರ್ಷ ಹಾಗೆಂದೇ ನಂಬಿದ್ದೆ. ಆದರೆ ಈ ಸಂಭಾವಿತತನದಿಂದ ಒಬ್ಬ ಮುದುಕಿಯ ಕೆಲಸವೇ ಹೋಗುವ ಹಂತಕ್ಕೆ ಬಂತು ಎನ್ನುವುದನ್ನು ಎಲ್ಲಿಯಾದರೂ ಹೇಳಿಕೊಳ್ಳದಿದ್ದರೆ ಉಂಡದ್ದು ಕರಗುವುದಿಲ್ಲ.

ರೋಣದಲ್ಲಿ ನನ್ನ ತಂಗಿ ಗಿರಿಜಾ ಖಡಕ್ ರೊಟ್ಟಿಯ ಕಾರಖಾನೆ ನಡೆಸುತ್ತಾಳೆ. ಒಂಬತ್ತು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ನನ್ನ ಪಾನ್‌ಬೀಡಾ ಅಂಗಡಿ ಮುಚ್ಚಿದಾಗ ಅವಳು ಒಂದೂ ಚುಚ್ಚುಮಾತಾಡದೆ ಗೂಡ್ಸ್ ಆಟೋದ ಕೀಲಿ ನನ್ನ ಕೈಗಿಟ್ಟಳು. ಅಂದಿನಿಂದ ಗಜೇಂದ್ರಗಡ ಮತ್ತು ನರಗುಂದದ ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸುವುದು ನನ್ನ ಕೆಲಸ. ಈ ವರ್ಷ ನರಗುಂದದ ಮೂರು ಖಾನಾವಳಿಗಳು ಒಂದರ ಹಿಂದೆ ಒಂದು ನಮ್ಮ ರೊಟ್ಟಿ ಬಿಟ್ಟವು. ಗಿರಿಜಾ ಚಿಂತೆಗೆ ಬಿದ್ದು ಹುಬ್ಬಳ್ಳಿಯಿಂದ ಒಬ್ಬ ಕೋಚ್‌ನನ್ನು ಕರೆಸಿದಳು. ಕಬಡ್ಡಿಗೆ ಕೋಚ್ ಇರುತ್ತಾರೆಂದು ನನಗೆ ಗೊತ್ತಿತ್ತು, ರೊಟ್ಟಿಗೂ ಇರುತ್ತಾರೆಂದು ಗೊತ್ತಿರಲಿಲ್ಲ.

ಹುಡುಗ ಇಸ್ತ್ರಿ ಅಂಗಿಯವನು, ಮಾತು ಸ್ಪಷ್ಟ. ಸೋಮವಾರಕ್ಕೊಮ್ಮೆ ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದ. ಕೂತರೆ ಮಾತು ಬೆಳೆಯುತ್ತದಂತೆ. "ಯೋಜನೆ ಎಲ್ಲಾರ ಕಡೆನೂ ಇರತೈತ್ರಿ. ಅದನ್ನ ಯಾರು ಮಾಡ್ತಾರ, ಯಾವತ್ತು ಮಾಡ್ತಾರ ಅಂತ ಯಾರೂ ಬರೆಯಂಗಿಲ್ಲ. ಕೆಡೋದು ಅಲ್ಲೇ ನೋಡ್ರಿ" ಎಂದು ಬೋರ್ಡಿನ ಮೇಲೆ ನನ್ನ ಹೆಸರು ಬರೆದ. ಏಳನೇ ಇಯತ್ತೆ ಬಿಟ್ಟ ಮೇಲೆ ನನ್ನ ಹೆಸರು ಬೋರ್ಡಿನ ಮೇಲೆ ಬಂದದ್ದು ಅದೇ ಮೊದಲು; ಶಾಲೆಯಲ್ಲಿದ್ದಾಗಲೂ ಗದ್ದಲ ಮಾಡಿದವರ ಪಟ್ಟಿಯಲ್ಲಿ ಮಾತ್ರ ಬರುತ್ತಿತ್ತು. ಹೆಸರಿನ ಜೊತೆ ಮೂರು ಹಾಳೆಗಳನ್ನೂ ಕೊಟ್ಟ. ಪ್ರತಿ ಖಾನಾವಳಿಗೆ ಒಂದು ಹಾಳೆ, ಹಾಳೆಗೆ ಮೂರು ಪ್ರಶ್ನೆ: ರೊಟ್ಟಿ ಯಾಕೆ ಬಿಟ್ಟಿರಿ? ನಾವು ಏನು ಬದಲು ಮಾಡಬೇಕು? ಮಾಡಿದರೆ ಮತ್ತೆ ತಗೊಳ್ಳುತ್ತೀರಾ?

ನರಗುಂದಕ್ಕೆ ಹೋದೆ. ಮೂರೂ ಕಡೆ ಕೂತೆ. ಮಳೆ, ಮೊಣಕಾಲುನೋವು, ಅಳಿಯಂದಿರು ಎಲ್ಲ ಮಾತಿಗೆ ಬಂದವು. ಹಾಳೆ ಮಾತ್ರ ಕಿಸೆಯಿಂದ ಹೊರಗೆ ಬರಲಿಲ್ಲ. ಊಟಕ್ಕಿಟ್ಟ ಮನುಷ್ಯನ ಮುಖಕ್ಕೆ ಯಾಕೆ ಬಿಟ್ಟಿರಿ ಎಂದು ಹೇಗೆ ಕೇಳುವುದು? ಬರುವಾಗ ಹಾದಿಯಲ್ಲಿ ಆಟೋ ನಿಲ್ಲಿಸಿ ಮೂರಕ್ಕೂ ನಾನೇ ಉತ್ತರ ಬರೆದೆ: "ರೊಟ್ಟಿ ದಪ್ಪ ಆಗ್ಯಾವ." ಯಾರಿಗೂ ನೋವಾಗದ ಕಾರಣ ಎಂದುಕೊಂಡಿದ್ದೆ.

ನೋವಾಗುವವರು ಇದ್ದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಶಾಂತವ್ವ, ಗಿರಿಜಾಗೆ ರೊಟ್ಟಿ ಬಡಿಯಲು ಕಲಿಸಿದವಳೇ ಅವಳು. ಹಾಳೆ ನೋಡಿದ ಗಿರಿಜಾ, ದಪ್ಪ ಬಡಿಯುವುದು ವಯಸ್ಸಾದ ಕೈಯೇ ಇರಬೇಕೆಂದುಕೊಂಡು, "ಶಾಂತವ್ವ, ವಯಸ್ಸಾತು. ಬರೋ ಸೋಮವಾರದಿಂದ ನೀ ಪ್ಯಾಕಿಂಗ್‌ಗೆ ಕೂಡು" ಎಂದಳು. ಶಾಂತವ್ವ ಜಗಳಾಡಲಿಲ್ಲ. ಸಂಜೆ ನಾನು ಡಬ್ಬಿ ಹೇರುವಾಗ ಹತ್ತಿರ ಬಂದು ಎರಡೂ ಅಂಗೈ ಮುಂದೆ ಹಿಡಿದಳು.

"ತಮ್ಮಾ, ನೀನರ ಹೇಳು. ಖರೇನ ನನ್ನ ಕೈ ಕೆಟ್ಟಾವೇನು? ಹಂಚಿನ ಮುಂದಿಂದ ಎಬ್ಬಿಸಿದರ ನಾ ಮನ್ಯಾಗ ಕುಂಡ್ರೂದ ಚಲೋ."

ನಾನು ಡಬ್ಬಿ ಎಣಿಸುವವನಂತೆ ನಟಿಸಿದೆ. ಎಣಿಕೆ ಮೂರು ಸಲ ತಪ್ಪಿತು. ಮರುದಿನದಿಂದ ಅವಳು ಹಪ್ಪಳದಷ್ಟು ತೆಳ್ಳಗೆ ಬಡಿಯತೊಡಗಿದಳು. ಅರ್ಧ ಹರಿದವು, ಅರ್ಧ ಸೀದವು. ಉಳಿದವರು ತಲೆ ತಗ್ಗಿಸಿ ತಮ್ಮ ತಮ್ಮ ಹಿಟ್ಟು ನಾದಿದರು. ಶನಿವಾರ ನಾನು ಮತ್ತೆ ನರಗುಂದಕ್ಕೆ ಹೊರಟೆ. ಮುಟ್ಟಿದಾಗ ಎಂದಿನಂತೆ ಮಧ್ಯಾಹ್ನ ಒಂದು ಗಂಟೆ.

"ಈರಣ್ಣಾರ, ಸಿಟ್ಟಾಗಬ್ಯಾಡ್ರಿ. ನಮ್ಮ ರೊಟ್ಟಿ ಯಾಕ ಬಿಟ್ಟ್ರಿ?" ಎಂದು ಮೊದಲ ಖಾನಾವಳಿಯ ಮಾಲಕರನ್ನು ಕಣ್ಣು ಮುಚ್ಚಿಯೇ ಕೇಳಿದೆ.

"ಇರ್ಲಿ ಬಿಡ್ರಿ ಅದು. ಮೊದಲ ಊಟ ಮಾಡ್ರಿ."

"ದಪ್ಪ ಆಗ್ಯಾವೇನ್ರಿ?"

"ದಪ್ಪ ಅಂದವ್ರು ಯಾರು? ರೊಟ್ಟಿ ಚಲೋನ ಅದಾವ." ಈರಣ್ಣ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ದನಿ ಇಳಿಸಿದರು. "ಶೇಖಣ್ಣಾರ, ಕೇಳಿದಿರಿ ಅಂತ ಹೇಳ್ತೀನಿ. ನೀವು ಬರೋದು ಬರೋಬ್ಬರಿ ಒಂದು ಗಂಟೆಕ್ಕ. ಬಂದವ್ರಿಗೆ ಊಟ ಮಾಡ್ರಿ ಅನ್ನದ ಹ್ಯಾಂಗ ಇರ್ಲಿ? ಬ್ಯಾರೇದವ್ರು 'ಇರ್ಲಿ ಬಿಡ್ರಿ, ಊಟ ಈಗ ಆತು' ಅಂತಾರ. ನಾ ಅನ್ನೂದರೊಳಗ ನಿಮ್ಮ ಕೈ ತೊಳದು ಆಗಿರತೈತಿ. ಉಂಡ ಮ್ಯಾಲ ಒಂದು ತಾಸು ಮಾತು. ಗಿರಾಕಿ ಜಾಗಾ ಇಲ್ಲದ ಹೊಳ್ಳಿ ಹೋಗ್ತಾರ. ನಿಮಗ ಏಳ್ರಿ ಅನ್ನಾಕ ಬಾಯಿ ಬರಲಿಲ್ಲ, ಅದಕ್ಕ ರೊಟ್ಟಿನ ಬಿಟ್ಟೆ."

ಈರಣ್ಣನೂ ನನ್ನಂತೆಯೇ ಸಂಭಾವಿತ ಮನುಷ್ಯ ಎಂದು ಆಗ ತಿಳಿಯಿತು. ಉಳಿದ ಇಬ್ಬರು ಮಾಲಕರು ನಾನು ಪ್ರಶ್ನೆ ಮುಗಿಸುವ ಮೊದಲೇ ನಕ್ಕುಬಿಟ್ಟರು; ಸರದಿಯ ಮೇಲೆ ಅವರಲ್ಲೂ ನಾನು ಹೀಗೇ ಉಂಡು ಕೂರುತ್ತಿದ್ದೆ. ಇನ್ನು ಅವತ್ತಿನ ಊಟದ ವಿಷಯ: ಉಂಡೆ. ಅಷ್ಟರಲ್ಲಿ ಬಡಿಸಿಬಿಟ್ಟಿದ್ದರು.

ಸೋಮವಾರ ಬೋರ್ಡಿನ ಮುಂದೆ ಹೊಸ ಹಾಳೆಗಳನ್ನು ನಾನೇ ಓದಿದೆ. ಗಿರಿಜಾ ಕೇಳಿದಳು, "ಅಣ್ಣಾ, ಹಂಗಾರ ಮೊದಲಿನ ಹಾಳಿ?"

"ಅವು ನಾನ ಬರೆದದ್ದು."

ಕೋಚ್ ಬೋರ್ಡಿನ ಕಡೆ ತಿರುಗಿ ನಿಂತ. ಅವನ ಹೆಗಲು ಅಲುಗಾಡುತ್ತಿದ್ದವು. ಗಿರಿಜಾ ನಗಲಿಲ್ಲ. "ಶಾಂತವ್ವಗ ಮೊದಲ ಹೇಳಬೇಕಾಗಿತ್ತು ನೀ" ಎಂದಳು. ಅವಳ ಅಷ್ಟು ಮೆತ್ತನೆಯ ದನಿಗಿಂತ ಎರಡು ಏಟು ಕೊಟ್ಟಿದ್ದರೆ ಪಾಡಿತ್ತು. ಶಾಂತವ್ವ ನನ್ನನ್ನು ನೋಡದೆಯೇ ಹೋಗಿ ಹಂಚಿನ ಮುಂದೆ ಕೂತಳು. ಬಡಿಯುವ ಸದ್ದು ಅವತ್ತು ಬೀದಿಗೆ ಕೇಳುತ್ತಿತ್ತು.

ಈಗ ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಹೊಸ ಸಾಲಿದೆ: ಹನ್ನೊಂದರೊಳಗೆ ಮುಟ್ಟಿಸಬೇಕು, ಕೂರಬಾರದು, ಉಣ್ಣಬಾರದು. ಈರಣ್ಣ ಮತ್ತೆ ರೊಟ್ಟಿ ತಗೊಳ್ಳುತ್ತಿದ್ದಾರೆ. ಮೂರನೆಯ ದಿನ ಶಾಂತವ್ವ ಒಂದು ಬುತ್ತಿ ತಂದು ಆಟೋದಲ್ಲಿಟ್ಟಳು. "ಹಸದು ಮಂದಿ ಮನಿ ಹೊಕ್ಕೀ ಮತ್ತ" ಎಂದಳು. ಊರ ಹೊರಗೆ ಬೇವಿನ ನೆರಳಲ್ಲಿ ನಿಲ್ಲಿಸಿ, ಶೇಂಗಾ ಹಿಂಡಿ ಹಚ್ಚಿಕೊಂಡು, ಅವಳೇ ಬಡಿದ ರೊಟ್ಟಿಯನ್ನು ಮೊದಲ ಸಲ ಒಬ್ಬನೇ ಕೂತು, ಮಾತಿಲ್ಲದೆ ತಿಂದೆ. ಮಾತಿಲ್ಲದೆ ತಿಂದರೆ ರುಚಿ ಮಾತ್ರವಲ್ಲ, ಎಲ್ಲವೂ ಗೊತ್ತಾಗುತ್ತದೆ.

ಸಂಜೆ ಶಾಂತವ್ವ ಖಾಲಿ ಬುತ್ತಿ ಇಸಿದುಕೊಳ್ಳುತ್ತ, "ಹ್ಯಾಂಗಿದ್ದುವು ತಮ್ಮಾ?" ಎಂದಳು. "ಭಾಳ ಚಲೋ ಇದ್ದುವು ನೋಡವ್ವ" ಎಂದೆ. ರೊಟ್ಟಿ ಒಂದಿಷ್ಟು ದಪ್ಪವೇ ಇದ್ದವು.