ಧರೆಪ್ಪನ ಗ್ಯಾಸು ಹೋದ ದಾರಿ

ಎಲ್ಲ ಶುರುವಾದದ್ದು ನೂಲಿನ ವ್ಯಾಪಾರಿ ಭೀಮಪ್ಪನ ಹೆಬ್ಬೆರಳಿನಿಂದ.

ಬನಹಟ್ಟಿಯ ಧರೆಪ್ಪ ಇಪ್ಪತ್ತು ವರ್ಷ ಮುರಿದ ಮಗ್ಗಗಳಿಗೆ ಕಡ್ಡಿ ಸುಟ್ಟು ಬೆಸುಗೆ ಹಾಕಿದವನು. ಈಚೆಗೆ ಗ್ಯಾಸಿನ ವೆಲ್ಡಿಂಗ್ ಮಷೀನು ತಂದಿದ್ದ. ಸಕ್ಕರೆ ಕಾರ್ಖಾನೆಯ ಇಂಜಿನಿಯರ್ ಸಂಘಮಿತ್ರಾ ಇವತ್ತು ಮೂರಕ್ಕೆ ಬಂದು, ಎರಡು ಪ್ಲೇಟು ಬೆಸೆಯುವುದನ್ನು ನೋಡಿ ಒಪ್ಪಿದರೆ ಈ ಹಂಗಾಮಿನ ಕಬ್ಬಿನ ಟ್ರೇಲರುಗಳ ರಿಪೇರಿಯೆಲ್ಲ ಅವನದು. ಬೆಸುಗೆಯ ಮೇಲೆ ಗ್ಯಾಸಿನ ಹೊದಿಕೆ ಇರದಿದ್ದರೆ ಕೆಲಸ ಕೆಟ್ಟಂತೆಯೇ. ಹಿತ್ತಲಿನ ಸಿಲಿಂಡರಿನಲ್ಲಿ ಚೂರೇ ಉಳಿದಿತ್ತು, ಹೊಸದು ಬರುವುದು ನಾಳೆ. ಎರಡು ಪ್ಲೇಟಿಗೆ ಅಷ್ಟು ಸಾಕು ಎಂದು ಬೆಳಿಗ್ಗೆಯೇ ಮೀಟರಿನ ಮುಳ್ಳು ನೋಡಿ ಸಮಾಧಾನಪಟ್ಟಿದ್ದ.

ಪ್ಲೇಟಿನ ಅಂಚು ಓರೆಯಾಗಿ ಉಜ್ಜಿ, ಜಂಗು ತೆಗೆದು ಬೆಳ್ಳಿಯಂತೆ ಮಾಡಿಟ್ಟ. ಭೀಮಪ್ಪ ಮಿರ್ಚಿ ಭಜಿ ತಿಂದ ಹೆಬ್ಬೆರಳಿನಿಂದ ಸವರಿ, "ಏನ್ ನುಣುಪು ಮಾಡೀಯೋ!" ಎಂದ.

"ಎಣ್ಣಿಗೈಲೇ ಮುಟ್ಟಿದ್ರಲ್ಲರೀ ಕಾಕಾ! ಬೆಸುಗಿ ದ್ವಾಸಿ ಹಂಗ ತೂತ ತೂತ ಆಗ್ತೈತಿ!"

ಮತ್ತೆ ಉಜ್ಜಿದ. ಹೆಂಡತಿ ಕೆಂಪವ್ವ ಮಷೀನಿನ ಪೂಜೆಗೆ ಬಂದವಳು ಪ್ಲೇಟಿಗೂ ಕುಂಕುಮ ಹಚ್ಚಿ, ಅದರ ಮೇಲೆಯೇ ಕಾಯಿ ಒಡೆದಳು.

"ಏನ್ ಮಾಡಿದೆವ್ವಾ ತಾಯೀ!"

"ದೇವರಿಗೂ ಬ್ಯಾಡ ಅಂತೀರಿ? ಆಮ್ಯಾಲ ತೂತ ಬಿದ್ರ ನನಗ ಅನ್ನಬ್ಯಾಡ್ರಿ."

ಮೂರನೆಯ ಸಲ ಉಜ್ಜುವಾಗ ಬಾಗಿಲಲ್ಲಿ ಹೊಸ ಮಷೀನು ನೋಡಲು ಬಂದ ಹತ್ತು ಮಂದಿ, ಎಲ್ಲರ ಕೈಯೂ ಪ್ಲೇಟಿನತ್ತ. ಕೈಯಲ್ಲಿ ಬಾಟ್ಲಿ ಕೊಟ್ಟರೆ ಮುಟ್ಟುವವರು ಯಾರು? ಧರೆಪ್ಪ ಪಕ್ಕದ ಸೋಡಾ ಅಂಗಡಿಯ ಗಿರಮಲ್ಲಪ್ಪನಿಗೆ ಕೂಗಿದ: "ಗಿರಮಲ್ಲಣ್ಣಾ, ಎಲ್ಲಾರಿಗೂ ಸೋಡಾ ಕೊಡೋ! ಖಾಲಿ ಆದಂಗ ಮತ್ತ ಕೊಡು!"

ಉಪಾಯ ಫಲಿಸಿತು. ಮೂರರತನಕ ಒಬ್ಬನೂ ಪ್ಲೇಟು ಮುಟ್ಟಲಿಲ್ಲ. ಆ ಖುಷಿಗೆ ಧರೆಪ್ಪನೂ ಎರಡು ಸೋಡಾ ಕುಡಿದ. ಸಂಘಮಿತ್ರಾ ಬಂದಾಗ ಆಕೆಗೂ ಒಂದು ಕೊಡಿಸಿದ.

ಗಾಳಿ ತಾಗದಂತೆ ಫ್ಯಾನು ಆರಿಸಿ, ಬೆಸುಗೆ ವಾಯರಿನ ತುದಿ ಕತ್ತರಿಸಿ, ಮುಖವಾಡ ಇಳಿಸಿ ಗುಂಡಿ ಒತ್ತಿದ. ಚಟಪಟ ಸಿಡಿಯಿತು. ಮುಖವಾಡ ಎತ್ತಿ ನೋಡಿದರೆ ಥೇಟು ದೋಸೆ! ಹಿತ್ತಲಿಗೆ ಓಡಿದ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

"ನನ್ನ ಗ್ಯಾಸ್ ಎಲ್ಲಿ ಹೋತೋ?"

ಗಿರಮಲ್ಲಪ್ಪ ಖಾಲಿ ಬಾಟ್ಲಿ ಆರಿಸುತ್ತಿದ್ದ. "ನನ್ನ ಸಿಲಿಂಡರ್ ಮುಂಜಾನೇನ ತೀರಿತ್ತೋ ತಮ್ಮಾ. ಸೋಡಾಕ್ಕೂ ಅದ ಗ್ಯಾಸ್ ಅಲ್ಲೇನು? ಹಿತ್ತಲದಾಗ ನಿಂದಕ್ಕ ಪೈಪ್ ಹಚ್ಚಿದ್ದೆ. ಎಲ್ಲಾ ನಿನ್ನ ಮಂದೀಗೇ ಕೊಟ್ಟೇನಿ, ಬ್ಯಾರೆದವ್ರಿಗೆ ಒಂದ ಹನಿ ಕೊಟ್ಟಿಲ್ಲ!"

"ನಾಳಿ ಬರ್‍ರಿ ಮೇಡಂ, ಹೊಸಾ ಸಿಲಿಂಡರ್ ಬರ್ತೈತಿ," ಎಂದು ಧರೆಪ್ಪ ಅಂಗಲಾಚಿದ.

"ಇವತ್ತ ಸಂಜಿಗೆ ಹೆಸರು ಕೊಡಬೇಕ್ರಿ. ಕೆಲಸ ಮುಧೋಳದ ವೆಲ್ಡಿಂಗಿನವ್ರಿಗೆ ಹೋಗ್ತೈತಿ," ಎನ್ನುತ್ತ ಸಂಘಮಿತ್ರಾ ಗಿರಮಲ್ಲಪ್ಪನತ್ತ ತಿರುಗಿದಳು. "ಸೋಡಾ ಮಾತ್ರ ಭಾಳ ಛಲೋ ಐತ್ರಿ. ಹಂಗಾಮ ಮುಗಿಯೂತನಕ ನಮ್ಮ ಕ್ಯಾಂಟೀನಿಗೆ ದಿನಾ ನೂರು ಕಳಸ್ತೀರೇನು?"

ಧರೆಪ್ಪ ಮುಂದೆ ನುಗ್ಗಿದ. "ಮೇಡಂ, ಅದು ನನ್ನ..." ಎಂದು ಬಾಯಿ ತೆರೆದ. ಮುಂದಿನ ಮಾತಿನ ಬದಲು ಓಣಿಗೆಲ್ಲ ಕೇಳುವಂಥ ತೇಗು ಬಂತು.

"ತಡೀರಿ ಮೇಡಂ," ಎಂದ ಭೀಮಪ್ಪ. "ಒಳಗ ಇನ್ನೂ ಚೂರು ಉಳದೈತಿ!"